ಪಾಲಾಕ್ಷಪ್ಪನವರ ರಿಪೇರಿ ಮುಡಿಪು

ಪಾಲಾಕ್ಷಪ್ಪನವರ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಕೊಟ್ಟೂರಿನಲ್ಲಿ ಯಾರೂ ಎದುರು ವಾದಿಸದ ವಿಷಯ ಇದೊಂದೇ. ಬಸ್ ಸ್ಟ್ಯಾಂಡಿನ ಮಿರ್ಚಿ ಅಂಗಡಿಯವನಿಂದ ಹಿಡಿದು ಸ್ವಂತ ಹೆಂಡತಿಯವರೆಗೆ ಎಲ್ಲರೂ ಇದನ್ನು ಒಪ್ಪುತ್ತಾರೆ. ನಲವತ್ತು ವರ್ಷ ಶೇಂಗಾ ಮಿಲ್ಲಿನಲ್ಲಿ ಗುಮಾಸ್ತರಾಗಿ ಕೂತು, ಊರವರ ಚೀಲದ ತೂಕವನ್ನು ಒಂದು ಗ್ರಾಂ ಬಿಡದೆ ಬರೆದ ಮನುಷ್ಯ. ಆದರೆ ತಮ್ಮ ಜೇಬಿನಿಂದ ಏನು ಹೋಯಿತು, ಎತ್ತ ಹೋಯಿತು ಎಂಬುದನ್ನು ಒಂದು ದಿನವೂ ತಿರುಗಿ ನೋಡಿದವರಲ್ಲ. ಮಿಲ್ಲು ಬಿಟ್ಟಾಗ ಬಂದ ಹಣದಲ್ಲಿ ಮನೆಯ ಹಿಂದೆ ಮೂರು ಸಾಲುಮನೆಗಳು ಎದ್ದು ನಿಂತದ್ದು, ಹೆಂಡತಿ ಕೊಟ್ರಮ್ಮನವರು ಆ ಹಣವನ್ನು ಗಂಡನ ಕೈಗೆ ಹತ್ತಗೊಡದೆ ನೇರವಾಗಿ ಮೇಸ್ತ್ರಿಗೆ ಕೊಟ್ಟದ್ದರಿಂದ.

ಆ ಮೂರರಲ್ಲಿ ಕೊನೆಯ ಮನೆಯ ಬಾಡಿಗೆದಾರ ನಾನು, ಹೈಸ್ಕೂಲಿನ ಕನ್ನಡ ಮಾಸ್ತರ. ನನ್ನ ಮನೆಯ ಫ್ಯಾನು ತಿರುಗುವುದಕ್ಕಿಂತ ಕಿರುಚುವುದೇ ಹೆಚ್ಚು. ಮೊದಲನೆಯ ಮನೆಯಲ್ಲಿ ಬಸ್ ಕಂಡಕ್ಟರ್ ಭೀಮೇಶ್. ಅವನ ಸಂಡಾಸದ ಬಾಗಿಲಿಗೆ ಚಿಲಕವಿಲ್ಲ, ಹಾಗಾಗಿ ಒಳಗಿದ್ದಷ್ಟು ಹೊತ್ತೂ ಹಾಡು ಹೇಳುತ್ತಿರಬೇಕು. ನಡುವಿನ ಮನೆಯಲ್ಲಿ ಸರ್ಕಾರಿ ಆಸ್ಪತ್ರೆಯ ನರ್ಸ್ ಯಶೋಧರಾ, ತನ್ನ ತಾಯಿಯ ಜೊತೆ ಇದ್ದಾಳೆ. ಅವಳ ಅಡಿಗೆಮನೆಯ ನಲ್ಲಿಯನ್ನು ತಿರುಗಿಸಿದರೆ ನೀರು ಬರುವುದಿಲ್ಲ, ನಲ್ಲಿಯೇ ಕೈಗೆ ಬರುತ್ತದೆ. ನಾವು ಮೂವರೂ ತಿಂಗಳಿಗೊಮ್ಮೆ ಬಾಡಿಗೆಯ ಜೊತೆ ದೂರನ್ನೂ ಕೊಡುತ್ತಿದ್ದೆವು. ಪಾಲಾಕ್ಷಪ್ಪನವರು ಎರಡನ್ನೂ ಗೌರವದಿಂದ ಸ್ವೀಕರಿಸಿ, "ಮಾಡ್ಸಾಣ ತಡೀರಿ" ಎನ್ನುತ್ತಿದ್ದರು. ಬಾಡಿಗೆ ವಾರದೊಳಗೆ ಕರಗುತ್ತಿತ್ತು, ದೂರು ಹಾಗೇ ಉಳಿಯುತ್ತಿತ್ತು.

ಹೀಗೇ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಹೊಸಪೇಟೆಯಿಂದ ಒಂದು ಜ್ಞಾನ ಬಂತು. ಕೊಟ್ರಮ್ಮನವರ ತಮ್ಮನ ಮಗ ಅರುಣಕುಮಾರ್ ಅಲ್ಲಿ ಆಡಿಟರ್ ಒಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ಯಾವುದೋ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಪಾಲಾಕ್ಷಪ್ಪನವರ ಪಕ್ಕ ಕೂತ ಅವನು ಪಾಯಸ ಬರುವುದರೊಳಗೆ ಅವರ ಬಾಳನ್ನೇ ಬದಲಿಸಿಬಿಟ್ಟ.

"ಮಾವ, ಬಾಡಿಗಿ ಮನಿ ಅಂದ್ರ ಆಕಳಿದ್ದಂಗ. ಬರೇ ಹಿಂಡಿಕೊಂಡ್ರ ಆತೇನು? ಮೇವಿಗೆ ಅಂತ ತೆಗೆದಿಡಬೇಕಲ್ಲ? ಮೋಟರ್‌ಗೆ ಹತ್ತು ವರ್ಷ ಆಯುಷ್ಯ, ಸುಣ್ಣಬಣ್ಣಕ್ಕ ಐದು ವರ್ಷ, ನಲ್ಲಿಗೆ ಎರಡು. ಇವತ್ತಲ್ಲ ನಾಳೆ ಎಲ್ಲಾ ಸಾಯ್ತಾವ. ಸಾಯೋಕ್ಕಿಂತ ಮೊದಲ ತಿಂಗಳಾ ತಿಂಗಳಾ ರೊಕ್ಕ ಎತ್ತಿಡ್ರಿ. ಅದಕ್ಕ ರಿಸರ್ವ್ ಫಂಡ್ ಅಂತಾರ."

ಪಾಲಾಕ್ಷಪ್ಪನವರಿಗೆ ಫಂಡಿಗಿಂತ ಆ ಹೆಸರೇ ಬಹಳ ಹಿಡಿಸಿತು. ಊರಿಗೆ ಬಂದವರೇ ಕ್ಷೌರದಂಗಡಿಯಲ್ಲಿ, ಹಾಲಿನ ಡೈರಿಯಲ್ಲಿ, ಮಿರ್ಚಿ ಅಂಗಡಿಯ ಮುಂದೆ ಎಲ್ಲೆಲ್ಲಿ ನಾಲ್ಕು ಜನ ಸಿಕ್ಕರೋ ಅಲ್ಲೆಲ್ಲ, "ನಮ್ಮ ಮನಿಗಳಿಗೆ ಈಗ ರಿಸರ್ವ್ ಫಂಡ್ ಐತ್ರಿ" ಎಂದು ಸಾರತೊಡಗಿದರು. ಆಗ ಅದರಲ್ಲಿ ಒಂದು ರೂಪಾಯಿಯೂ ಇರಲಿಲ್ಲ.

ನಾನು ಫ್ಯಾನಿನ ಮಾತೆತ್ತಿದೆ.

"ಮಾಸ್ತರ, ಇನ್ನ ಮ್ಯಾಲೆ ನೀವು ಕೇಳಿದಾಗ ರಿಪೇರಿ ಅನ್ನೋದಿಲ್ಲ. ಫಂಡ್ ಬೆಳೀಬೇಕು. ಸಸಿ ಹಚ್ಚಿದ ದಿನನ ಹಣ್ಣು ಕೇಳಿದ್ರ ಹೆಂಗ?" ಎಂದರು. ಬೇರೆಯವರಿಗೆ ಪಾಠ ಹೇಳುವುದೇ ನನ್ನ ಉದ್ಯೋಗ. ಆದರೂ ಅವತ್ತು ತಲೆಯಾಡಿಸಿ ಸುಮ್ಮನೆ ಒಳಗೆ ಬಂದೆ.

ಈಗ ಫಂಡನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಮೊದಲ ತಿಂಗಳು ಮನೆಗೆ ಐನೂರರಂತೆ ಹದಿನೈದುನೂರು ತೆಗೆದು ಜೋಳದ ಡಬ್ಬಿಯಲ್ಲಿಟ್ಟರು. ನಾಲ್ಕನೆಯ ದಿನ ಹಳೆಯ ಮಿಲ್ಲಿನ ಗೆಳೆಯನೊಬ್ಬ ಬಂದು ಕಣ್ಣೀರು ಹಾಕಿದ, ಡಬ್ಬಿಯಲ್ಲಿ ಜೋಳ ಮಾತ್ರ ಉಳಿಯಿತು. ಎರಡನೆಯ ತಿಂಗಳು ಬ್ಯಾಂಕಿಗೆ ಹೊರಟರು. ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಮಿರ್ಚಿ ಅಂಗಡಿ ಇದೆ, ಅಲ್ಲಿ ಬಾಯಿ ಬಿಟ್ಟುಕೊಂಡು ಕೂತ ಸ್ನೇಹಿತರಿದ್ದಾರೆ. ಫಂಡು ಬ್ಯಾಂಕು ಮುಟ್ಟಲಿಲ್ಲ. ಹೆಂಡತಿಯ ಕೈಗೆ ಕೊಡೋಣವೆಂದರೆ ಅದು ಮಹಿಳಾ ಸಂಘದ ಚೀಟಿಗೆ ಹೋಗಿ, ಸಂಘದಿಂದ ಒಂದು ಸ್ಟೀಲಿನ ಕೊಡವಾಗಿ ತಿರುಗಿ ಬರುತ್ತದೆ.

ಆಗ ಅವರಿಗೆ ಹೊಳೆದದ್ದು ಹಳದಿ ಬಟ್ಟೆ.

ನಮ್ಮ ಸೀಮೆಯಲ್ಲಿ ಹರಕೆಯ ದುಡ್ಡನ್ನು ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರಕೋಣೆಯ ಎತ್ತರದ ಜಗಲಿಯ ಮೇಲಿಡುತ್ತಾರೆ. ಅದೇ ಮುಡಿಪು. ಒಮ್ಮೆ ಕಟ್ಟಿದರೆ ಅದು ದೇವರ ಸೊತ್ತು. ಮನೆಯಲ್ಲಿ ಉಪವಾಸ ಬಿದ್ದರೂ ಅದರಿಂದ ಒಂದು ರೂಪಾಯಿ ಮುಟ್ಟುವಂತಿಲ್ಲ. ಮನೆಗೆ ಬೆಂಕಿ ಬಿದ್ದರೆ ಮೊದಲು ಮುಡಿಪನ್ನು ಹೊರಗೆ ತರುತ್ತಾರೆ, ಆಮೇಲೆ ಮುದುಕರನ್ನು. ಕಳ್ಳ ಬಂದರೂ ಮುಡಿಪಿಗೆ ಕೈ ಮುಗಿದು ಪಾತ್ರೆ ಒಯ್ಯುತ್ತಾನೆ. ಇಂಥ ಬಂದೋಬಸ್ತು ಯಾವ ಬ್ಯಾಂಕಿನಲ್ಲಿದೆ? ಪಾಲಾಕ್ಷಪ್ಪನವರು ಒಂದು ಹಳೆಯ ಪಂಚೆಯ ತುಂಡನ್ನು ಅರಿಶಿನದಲ್ಲಿ ಅದ್ದಿ, ಒಣಗಿಸಿ, ಮೂರನೆಯ ತಿಂಗಳ ಹದಿನೈದುನೂರನ್ನು ಅದರಲ್ಲಿ ಕಟ್ಟಿ ಜಗಲಿಯ ಮೇಲಿಟ್ಟರು. ತಿಂಗಳಾ ತಿಂಗಳಾ ತುರುಕಲು ಮೇಲೆ ಒಂದು ಸಣ್ಣ ಬಾಯಿ ಬಿಟ್ಟಿದ್ದರು. ತಮ್ಮ ಕೈಯನ್ನು ತಾವೇ ಕಟ್ಟಿಹಾಕಿಕೊಂಡ ಸಂತೋಷಕ್ಕೆ ಮಂಡಕ್ಕಿ ಮಿರ್ಚಿ ತರಿಸಿಕೊಂಡು ಕೂತರು.

ಕೊಟ್ರಮ್ಮನವರು ದೀಪ ಹಚ್ಚಲು ಹೋದವರು ಗಂಟನ್ನು ನೋಡಿ ನಿಂತುಬಿಟ್ಟರು.

"ಏನ್ರೀ, ಮುಡಿಪು ಕಟ್ಟೀರೇನು?"

ಪಾಲಾಕ್ಷಪ್ಪನವರ ಬಾಯಲ್ಲಿ ಆಗ ಒಂದು ಇಡೀ ಮಿರ್ಚಿ ಇತ್ತು. ಅವತ್ತಿನ ಮೆಣಸಿನಕಾಯಿಯೂ ಬಲು ಖಾರದ್ದು. ಕಣ್ಣಲ್ಲಿ ನೀರು ಬಂದು, ಮಾತು ಹೊರಡದೆ, ತಲೆಯಾಡಿಸಿದರು.

"ಉಚ್ಚಂಗೆಮ್ಮ ತಾಯಿಗಾ?"

ನೀರಿನ ಚೊಂಬು ಕೊಟ್ರಮ್ಮನವರ ಕೈಯಲ್ಲಿತ್ತು. ಹೂಂ ಅಂದರೆ ಬೇಗ ಸಿಕ್ಕೀತೆಂದು ಮತ್ತೆ ತಲೆಯಾಡಿಸಿದರು.

"ನಮ್ಮ ಅರ್ಚನಾನ ಸಲುವಾಗಾ?"

ಮೂರನೆಯ ಸಲ ತಲೆಯಾಡಿಸಿದಾಗ ಕಣ್ಣೀರು ಕೆನ್ನೆಯ ಮೇಲೆ ಧಾರಾಕಾರವಾಗಿ ಇಳಿಯಿತು. ಕೊಟ್ರಮ್ಮನವರು ಚೊಂಬನ್ನು ಗಂಡನ ಕೈಗೆ ಕೊಟ್ಟು, ತಾವೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳು ಅರ್ಚನಾಳನ್ನು ದಾವಣಗೆರೆಗೆ ಕೊಟ್ಟು ನಾಲ್ಕು ವರ್ಷವಾಗಿತ್ತು, ಇನ್ನೂ ಮಕ್ಕಳಾಗಿರಲಿಲ್ಲ. ಗಂಡ ಈ ಬಗ್ಗೆ ಒಂದು ದಿನವೂ ತುಟಿ ಪಿಟಕ್ ಎಂದವರಲ್ಲ. ಈಗ ನೋಡಿದರೆ ಒಳಗೊಳಗೇ ಮಗಳಿಗಾಗಿ ಅಳುತ್ತ ಮುಡಿಪು ಕಟ್ಟಿದ್ದಾರೆ!

ನೀರು ಕುಡಿದು ನಾಲಿಗೆ ತಣ್ಣಗಾದ ಮೇಲೆ ಪಾಲಾಕ್ಷಪ್ಪನವರು ನಿಜ ಹೇಳಬಹುದಿತ್ತು. ಆದರೆ ಆ ಹೊತ್ತಿಗೆ ಕೊಟ್ರಮ್ಮನವರು ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟಲು ಕೂತಿದ್ದರು. ಮರುದಿನ ಬೆಳಿಗ್ಗೆಯಿಂದ ಬೈಗುಳವೂ ನಿಂತಿತು. ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಹದಿನೈದು ದಿನ ಅವರು ಕಂಡಿರಲಿಲ್ಲ. ಹೋಳಿಗೆ ತಿನ್ನುವ ಬಾಯಿಂದ ಅದು ಸಂಡಾಸದ ಚಿಲಕದ ದುಡ್ಡು ಎಂದು ಹೇಳಲು ಯಾರಿಗೆ ಮನಸ್ಸು ಬಂದೀತು?

ಎದುರು ಮನೆಯ ಅಂಜಿನಕ್ಕನಿಗೆ ಈ ಸುದ್ದಿ ಮುಟ್ಟಿದ್ದು ಗಂಟು ಕಟ್ಟಿದ ದಿನವೇ. ಅಂಜಿನಕ್ಕ ಎರಡು ಎಮ್ಮೆಗಳ ಒಡತಿ. ಹಾಲನ್ನು ಅಳತೆಗಿಂತ ಕಡಿಮೆ ಹಾಕಿದರೂ ಸುದ್ದಿಯನ್ನು ಯಾವಾಗಲೂ ಹೆಚ್ಚೇ ಹಾಕುತ್ತಾಳೆ. ಅವಳ ಒಂದು ಎಮ್ಮೆ ಎರಡು ವರ್ಷದಿಂದ ಗಬ್ಬವಾಗಿರಲಿಲ್ಲ. "ಹೆಂಗೂ ತಾಯಿ ಹತ್ರ ಹೋಗೋ ಗಂಟು, ನಮ್ಮದೊಂದು ಇರ್ಲಿ" ಎಂದು ನೂರಾಒಂದು ರೂಪಾಯಿ ಗಂಟಿನ ಬಾಯಲ್ಲಿ ತುರುಕಿ, ಎಮ್ಮೆಯ ಹೆಸರು ಹೇಳಿ ಕೈ ಮುಗಿದು ಹೋದಳು.

ಎಮ್ಮೆ ಗಬ್ಬವಾಯಿತು.

ಆಮೇಲೆ ಕೇಳಬೇಕೇ? ಓಣಿಗೆ ಓಣಿಯೇ ಜಗಲಿಯ ಮುಂದೆ ಬಂದು ನಿಂತಿತು. ಒಬ್ಬರಿಗೆ ಹೊಲದ ಪಹಣಿ ಸರಿಯಾಗಬೇಕು, ಇನ್ನೊಬ್ಬರಿಗೆ ಅಳಿಯ ಬೀಡಿ ಬಿಡಬೇಕು. ಕಂಡಕ್ಟರ್ ಭೀಮೇಶನೂ ಐವತ್ತೊಂದು ಹಾಕಿ, ತನ್ನನ್ನು ಹೂವಿನಹಡಗಲಿ ರೂಟಿಗೆ ಹಾಕಿಸು ತಾಯಿ ಎಂದು ಬೇಡಿಕೊಂಡ. ನಿಂಬೆಹಣ್ಣಿನಷ್ಟಿದ್ದ ಗಂಟು ಮೂಸಂಬಿಯಾಗಿ, ಹದಿನಾಲ್ಕು ತಿಂಗಳಲ್ಲಿ ಸುಲಿಯದ ತೆಂಗಿನಕಾಯಿಯಾಯಿತು. ಅರುಣಕುಮಾರ್ ಫೋನು ಮಾಡಿ ಫಂಡಿನ ಯೋಗಕ್ಷೇಮ ವಿಚಾರಿಸಿದಾಗ ಪಾಲಾಕ್ಷಪ್ಪನವರು ಹೆಮ್ಮೆಯಿಂದ, "ಚೊಲೋ ಬೆಳದೈತಪ. ಈಗ ಓಣಿ ಮಂದೀನೂ ಹಾಕಾಕತ್ಯಾರ" ಎಂದರು.

"ಹೊರಗಿನೋರು ಹಾಕಾಕತ್ಯಾರಾ? ಮಾವ, ನಮ್ಮ ಸಾಹೇಬ್ರ ಹತ್ರ ಬರೋ ಸಾಹುಕಾರ್ರು ಹತ್ತು ವರ್ಷದಾಗ ಮಾಡದಿದ್ದನ್ನ ನೀವು ಒಂದು ವರ್ಷದಾಗ ಮಾಡೀರಿ. ಯಾವ ಬ್ಯಾಂಕಿನಾಗ ಇಟ್ಟೀರಿ?"

"ಬ್ಯಾಂಕಿನಾಗ ಅಲ್ಲೋ, ಜಗಲಿ ಮ್ಯಾಲೆ."

ಆ ಕಡೆಯಿಂದ ಫೋನು ಕಟ್ಟಾಯಿತು.

ಒಂದು ಸೋಮವಾರ ಬೆಳಿಗ್ಗೆ ದಾವಣಗೆರೆಯಿಂದ ಅರ್ಚನಾಳ ಫೋನು ಬಂತು. ಮೂರು ತಿಂಗಳಂತೆ. ಕೊಟ್ರಮ್ಮನವರು ಫೋನನ್ನು ಕೈಯಲ್ಲಿ ಹಿಡಿದೇ ಜಗಲಿಯ ಮುಂದೆ ಅಡ್ಡಬಿದ್ದರು. ಅರ್ಧ ಗಂಟೆಯಲ್ಲಿ ಓಣಿಗೆಲ್ಲ ಸಕ್ಕರೆ ಹಂಚಿದರು. "ಬರೋ ಶುಕ್ರವಾರ ಉಚ್ಚಂಗಿದುರ್ಗಕ್ಕ ಹೋಗಿ ತಾಯಿಗೆ ಮುಡಿಪು ಮುಟ್ಟಿಸಬೇಕು. ತಡ ಮಾಡಬಾರದು" ಎಂದು ಅಪ್ಪಣೆಯಾಯಿತು. ಪಾಲಾಕ್ಷಪ್ಪನವರೂ ಅಜ್ಜನಾಗುವ ಖುಷಿಯಲ್ಲಿ ಎರಡು ಹಿಡಿ ಸಕ್ಕರೆ ತಿಂದರು. ದುರ್ಗಕ್ಕೆ ಹೋಗುವುದು ಯಾವ ಗಂಟು ಎಂಬುದು ಎರಡನೆಯ ಹಿಡಿ ಬಾಯಲ್ಲಿದ್ದಾಗ ನೆನಪಾಯಿತು.

ಮಂಗಳವಾರ ಬೆಳಿಗ್ಗೆ ಬೋರಿನ ಮೋಟರು ಸುಟ್ಟಿತು.

ಬಿಸಿಲುಗಾಲ. ನಮ್ಮ ಓಣಿ ಏರಿನ ಮೇಲಿದೆ, ಊರ ನಲ್ಲಿಯ ನೀರು ಅಷ್ಟು ಎತ್ತರ ಏರುವುದಿಲ್ಲ. ನಾಲ್ಕು ಮನೆಗೂ ಆ ಒಂದೇ ಬೋರು, ಮಾಳಿಗೆಯ ಮೇಲೆ ಒಂದೇ ಕರಿ ಟ್ಯಾಂಕು. ಮೆಕ್ಯಾನಿಕ್ ಬಂದು ಮೋಟರನ್ನು ಮೇಲೆತ್ತಿ ಮೂಸಿ ನೋಡಿ, "ಇದರ ಕಥಿ ಮುಗೀತ್ರಿ. ಹೊಸದ ಹಾಕ್ಬೇಕು. ಎಲ್ಲಾ ಸೇರಿ ಇಪ್ಪತ್ಮೂರು ಸಾವಿರ. ರೊಕ್ಕ ಮೊದಲ" ಎಂದು ಹೇಳಿ ಹೋದ. ಪಾಲಾಕ್ಷಪ್ಪನವರ ಜೇಬಿನಲ್ಲಿ ಆಗ ನೂರಾಎಂಬತ್ತು ರೂಪಾಯಿ ಇತ್ತು.

ಯಶೋಧರಾ ಬುಧವಾರ ಸಂಜೆ ಖಾಲಿ ಕೊಡವನ್ನು ಪಾಲಾಕ್ಷಪ್ಪನವರ ಕಟ್ಟೆಯ ಮೇಲೆ ಠಣ್ಣನೆ ಇಟ್ಟು ಮಾತಾಡಿದಳು.

"ಪಾಲಾಕ್ಷಪ್ಪಣ್ಣ, ಎರಡು ದಿನದಿಂದ ನಮ್ಮವ್ವ ಮೊಳಕಾಲ್ ನೋವು ಇಟ್ಕೊಂಡು ಕೊಡ ಹೊರಾಕತ್ಯಾಳ. ವರ್ಷದ ಮ್ಯಾಲಾತು, ಫಂಡು ಫಂಡು ಅಂತೀರಿ. ಎಲ್ಲೈತಿ ಅದು? ಆಸ್ಪತ್ರಿ ಹತ್ರ ಮನಿ ನೋಡಿ ಬಂದೀನಿ. ಭಾನುವಾರದೊಳಗ ನೀರು ಬರ್ಲಿಲ್ಲಂದ್ರ ನಾನು ಸಾಮಾನು ಕಟ್ತೀನಿ."

"ಅವ್ರು ಹೋದ್ರ ನಾನೂ ಹೋಗ್ತೀನಿ" ಎಂದ ಭೀಮೇಶ್. ನಾನು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅವರಿಬ್ಬರ ನಡುವೆ ಹೋಗಿ ನಿಂತೆ.

ಮೂರು ಮನೆಯ ಬಾಡಿಗೆಯೇ ಆ ದಂಪತಿಗಳ ಊಟ. ನೀರಿಲ್ಲದ ಮನೆಗೆ ಬೇರೆ ಯಾರು ಬರುತ್ತಾರೆ? ಪಾಲಾಕ್ಷಪ್ಪನವರ ಮುಖ ಬಾಡಿತು. ಗುರುವಾರ ಬೆಳಿಗ್ಗೆ ಧೈರ್ಯ ಮಾಡಿ ಹೆಂಡತಿಯ ಮುಂದೆ ನಿಂತರು. ಒಂದು ಬಿಂದಿಗೆ ನೀರು ಕೇಳಲು ಹೋಗಿದ್ದ ನಾನೂ ಬಾಗಿಲಲ್ಲಿದ್ದೆ.

"ಲೇ ಕೊಟ್ರಮ್ಮ, ಆ ಗಂಟು ಐತಲ್ಲ..."

"ಐತ್ರಿ" ಎಂದರು ಕೊಟ್ರಮ್ಮನವರು, ಜಗಲಿಗೆ ಹೂವಿಡುತ್ತ. "ಐದು ವರ್ಷ ನಮ್ಮ ಹುಡುಗಿ ಅತ್ತಿ ಮನ್ಯಾಗ ಏನೇನು ಮಾತು ಕೇಳ್ಯಾಳ. ನಂಗೊಬ್ಬಾಕಿಗೆ ಸಂಕಟ, ನಿಮಗ ಏನೂ ಇಲ್ಲ ಅನಕೊಂಡಿದ್ದೆ. ನೀವು ಬಾಯಿ ಬಿಡದಿದ್ರೂ ಹೊಟ್ಯಾಗ ಇಟಗೊಂಡಿದ್ರಲ್ಲ, ನಂಗ ಅಷ್ಟ ಸಾಕು."

ಪಾಲಾಕ್ಷಪ್ಪನವರು ತಿರುಗಿ ಹೊರಗೆ ಬಂದು, ನನ್ನ ಬಿಂದಿಗೆಯನ್ನು ಹಿಡಿದುಕೊಂಡು, "ಮಾಸ್ತರ, ನಾನು ಕೆಟ್ಟೆ" ಎಂದು ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದರು. ಪಾಪ ಅನಿಸಿತು. ನಗುವೂ ಬಂತು. ಮಾಸ್ತರನಾದವನು ಏನಾದರೂ ಸಲಹೆ ಕೊಡಬೇಕಲ್ಲ, ಕೊಟ್ಟೆ. ಒಳಗಿನ ದುಡ್ಡು ತೆಗೆದು, ಅಷ್ಟೇ ದಪ್ಪಕ್ಕೆ ಹಳೆಯ ಉತ್ತರಪತ್ರಿಕೆ ತುಂಬಿ ಕಟ್ಟಿಬಿಡಿ ಎಂದೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಎಂಟನೆಯ ತರಗತಿಯ ಉತ್ತರಪತ್ರಿಕೆಗಳು ಉಚ್ಚಂಗೆಮ್ಮನ ಹುಂಡಿಗೆ ಹೋಗುತ್ತಿದ್ದವು.

ಮಧ್ಯಾಹ್ನ ಕೊಟ್ರಮ್ಮನವರು ಸಂಘದ ಮೀಟಿಂಗಿಗೆ ಹೋದಾಗ ಪಾಲಾಕ್ಷಪ್ಪನವರು ಸ್ಟೂಲು ಹತ್ತಿದರು. ಕೈ ಇನ್ನೇನು ಗಂಟಿಗೆ ತಾಗಬೇಕು, ಅಂಜಿನಕ್ಕ ಒಳಗೆ ಬಂದಳು.

"ಅಯ್ಯ, ಏನಣ್ಣಾ, ಸ್ಟೂಲ್ ಮ್ಯಾಲೆ ನಿಂತು ಏನ್ ಮಾಡಾಕತ್ತೀ?"

"ಮಂ... ಮಂಗಳಾರತಿ" ಎಂದರು ಪಾಲಾಕ್ಷಪ್ಪನವರು.

"ಹಂಗಾರ ಹಾಡು ಮತ್ತ!"

ಹಾಡಲೇಬೇಕಾಯಿತು. ಅವರಿಗೆ ಬರುತ್ತಿದ್ದದ್ದು ಒಂದೇ ನುಡಿ. ಅದನ್ನೇ ಏಳು ಸಲ ಹಾಡಿದರು. ಅಂಜಿನಕ್ಕ ಕರ್ಪೂರ ಹಚ್ಚಿ, ಕೂಗಿ ಓಣಿಯವರನ್ನೆಲ್ಲ ಕರೆದಳು. ಅದೇ ಹೊತ್ತಿಗೆ ಮನೆ ಕಂದಾಯದ ಬಾಕಿ ಕೇಳಲು ಬಂದ ನೌಕರರೊಬ್ಬರು ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ರಶೀದಿ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿ, ಆರತಿ ತಗೊಂಡು, ಹನ್ನೊಂದು ರೂಪಾಯಿ ಗಂಟಿಗೆ ತುರುಕಿದರು. "ಪೂಜಿ ನಡೆದಾಗ ಬಾಕಿ ಕೇಳಬಾರದ್ರಿ, ಸೋಮವಾರ ಬರ್ತೀನಿ" ಎಂದು ಹೋದರು. ಪಾಲಾಕ್ಷಪ್ಪನವರು ಸ್ಟೂಲಿನಿಂದ ಇಳಿದಾಗ ಗಂಟು ಇನ್ನಷ್ಟು ದಪ್ಪವಾಗಿತ್ತು.

ಶುಕ್ರವಾರ ಬೆಳಿಗ್ಗೆ ದಂಪತಿಗಳು, ಭೀಮೇಶ್, ಅಂಜಿನಕ್ಕ, ನಾನು ಕ್ರೂಸರ್ ಗಾಡಿಯಲ್ಲಿ ಹೊರಟೆವು. ಯಶೋಧರಾ ಬರಲಿಲ್ಲ. "ನಮ್ಮ ಮನ್ಯಾಗ ಬುದ್ಧನ ಫೋಟೋ ಐತಿ, ಹರಕಿ ಗಿರಕಿ ಇಲ್ಲ. ನೀವು ಹೋಗಿಬರ್ರಿ, ನಾನು ರಟ್ಟಿನ ಡಬ್ಬಿ ಹುಡುಕ್ತೀನಿ" ಎಂದು ನಕ್ಕಳು. ಆ ನಗುವಿಗೆ ಪಾಲಾಕ್ಷಪ್ಪನವರು ಬೆವೆತರು. ಹರಪನಹಳ್ಳಿಯಲ್ಲಿ ಚಹಾ ಕುಡಿದೆವು, ಅವರು ಕುಡಿಯಲಿಲ್ಲ. ದುರ್ಗದ ಹತ್ತಿರದ ಅರಸೀಕೆರೆಯಲ್ಲಿ ಕೊಟ್ರಮ್ಮನವರು ಹೂವು ಕಾಯಿ ಕೊಂಡರು. ಗಂಟು ಅವರ ಮಡಿಲಲ್ಲಿತ್ತು, ಪಾಲಾಕ್ಷಪ್ಪನವರ ಕಣ್ಣು ಗಂಟಿನ ಮೇಲಿತ್ತು. ಉಚ್ಚಂಗಿದುರ್ಗದ ಮೆಟ್ಟಿಲು ಹತ್ತುವಾಗ ಅವರು ನನ್ನ ಕಿವಿಯಲ್ಲಿ, "ಮಾಸ್ತರ, ಕಾಲು ಜಾರಿದಂಗ ಮಾಡಿ ಗಂಟು ಕೆಳಗ ಉಳ್ಳಿಸಿದ್ರ?" ಎಂದರು. ಬೇಡ, ಜನ ನಿಮ್ಮನ್ನು ಬಿಟ್ಟು ಮೊದಲು ಗಂಟನ್ನು ಹಿಡಿಯುತ್ತಾರೆ ಎಂದೆ.

ಗುಡಿಯಲ್ಲಿ ಬಹಳ ಜನ. ಪೂಜೆಯಾಯಿತು. ಕೊಟ್ರಮ್ಮನವರು ಗಂಟನ್ನು ಕಣ್ಣಿಗೊತ್ತಿಕೊಂಡು ಹುಂಡಿಯ ಬಾಯಿಗಿಟ್ಟು ಒತ್ತಿದರು. ಹೋಗಲಿಲ್ಲ. ಭೀಮೇಶ್ ಬಂದು ಒತ್ತಿದ. ತುಂಬಿದ ಬಸ್ಸಿನಲ್ಲಿ ಜನರನ್ನು ಒತ್ತಿ ಅಭ್ಯಾಸವಿದ್ದ ಅವನಿಂದಲೂ ಆಗಲಿಲ್ಲ. ಹುಂಡಿಯ ಬಾಯಿ ನೋಟಿಗೆ ಮಾಡಿದ್ದು, ತೆಂಗಿನಕಾಯಿಗಲ್ಲ. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಪಾಲಾಕ್ಷಪ್ಪನವರ ಮುಖದಲ್ಲಿ ಮಾತ್ರ ನಾಲ್ಕು ದಿನದಲ್ಲಿ ಮೊದಲ ಸಲ ಕಳೆ ಬಂತು.

"ಬಿಚ್ಚಿ ಹಾಕಬೇಕವ್ವ" ಎಂದು ಪೂಜಾರಿ ಗಂಟನ್ನು ತೆಗೆದುಕೊಂಡು ತಟ್ಟೆಯಲ್ಲಿ ಬಿಚ್ಚಿದರು. ನೋಟು, ಚಿಲ್ಲರೆ, ಕುಂಕುಮ, ಇವುಗಳ ನಡುವೆ ನಾಲ್ಕಾಗಿ ಮಡಚಿದ ಒಂದು ಚೀಟಿ ಹೊರಗೆ ಬಿತ್ತು. ಭಕ್ತರು ಹರಕೆಯನ್ನು ಬರೆದು ಗಂಟಿನಲ್ಲಿಡುವುದುಂಟು. ಪೂಜಾರಿಗಳು ಅದನ್ನು ಅಮ್ಮನವರಿಗೆ ಓದಿ ಹೇಳುವುದೂ ಉಂಟು. ಅವರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಗರ್ಭಗುಡಿಯ ಕಡೆ ತಿರುಗಿ ಮಂತ್ರದ ರಾಗದಲ್ಲಿ ಎತ್ತರದ ದನಿಯಲ್ಲಿ ಶುರುಮಾಡಿದರು.

"ತಾಯೀ ಉಚ್ಚಂಗೆಮ್ಮಾ... ಒಂದನೇ ಮನಿ ಸಂಡಾಸದ ಬಾಗಿಲಿಗೆ ಚಿಲಕಾ... ಎರಡನೇ ಮನಿ ಅಡಿಗಿ ನಲ್ಲೀ... ಮಾಳಿಗಿ ಮ್ಯಾಲಿನ ಟ್ಯಾಂಕಿಗೆ ಮುಚ್ಚಳಾ... ಬೋರಿನ ಮೋಟರ್ ಯಾವಾಗಾದ್ರೂ ಸುಡಬೌದೂ... ಮೂರನೇ ಮನಿ ಮಾಸ್ತರನ ಫ್ಯಾನೂ, ಇದಕ್ಕ ಅವಸರ ಇಲ್ಲಾ..."

ಗುಮಾಸ್ತಿಕೆಯ ಚಟ. ನಲವತ್ತು ವರ್ಷ ಚೀಲದ ಜೊತೆ ಚೀಟಿ ಇಟ್ಟ ಕೈ, ಈ ಗಂಟಿನಲ್ಲೂ ಇಟ್ಟಿತ್ತು. ಅವಸರ ಇಲ್ಲ ಎಂಬ ಮಾತನ್ನು ಇಡೀ ಗುಡಿ ಕೇಳಿಸಿಕೊಂಡು ನನ್ನ ಕಡೆ ನೋಡಿತು.

ಸಾಲಿನಲ್ಲಿದ್ದ ಹೊಸಹಳ್ಳಿ ಕಡೆಯ ಒಬ್ಬ ಹಿರಿಯರು ಪಕ್ಕದವರಿಗೆ, "ಈ ತಾಯಿ ಚಿಲಕಾನೂ ಹಾಕಿಸಿಕೊಡ್ತಾಳಂತ! ನಮ್ಮದೂ ಹೋಗೈತಿ, ಒಂದು ಪೆನ್ನು ಕೊಡು" ಎಂದರು. ನಾಲ್ಕಾರು ಜನ ಚೀಟಿ ಬರೆಯತೊಡಗಿದರು.

ಕೊಟ್ರಮ್ಮನವರು ಗಂಡನ ಕಡೆ ತಿರುಗಿದರು.

"ಇದರಾಗ ನಮ್ಮ ಅರ್ಚನಾನ ಹೆಸರು ಎಲ್ಲೈತ್ರಿ?"

ಪಾಲಾಕ್ಷಪ್ಪನವರು ಕಂಬಕ್ಕೆ ಒರಗಿ ಕೂತುಬಿಟ್ಟರು. "ಇಲ್ಲ ಕಣೇ. ಅದು ರಿಪೇರಿ ರೊಕ್ಕ. ಮುಡಿಪು ಅಂತ ಕಟ್ಟಿದ್ರ ನಾನು ಮುಟ್ಟಂಗಿಲ್ಲ ಅಂತ ಕಟ್ಟಿದೆ. ಅವತ್ತು ಬಾಯಾಗ ಮಿರ್ಚಿ ಇತ್ತು. ನೀ ಕೇಳಿದೆ, ನಾ ತಲಿ ಆಡಿಸಿದೆ."

"ಹದಿನಾಕು ತಿಂಗಳ ಆಡಿಸಿದ್ರೇನು?"

"ನೀ ಹೋಳಿಗಿ ಮಾಡ್ತಿದ್ದಿ" ಎಂದರು ಅವರು ಸಣ್ಣ ದನಿಯಲ್ಲಿ.

ಆ ಹೆಂಗಸಿನ ಮುಖ ನೋಡಿ ನನಗೂ ನಗು ನಿಂತುಹೋಯಿತು. ಕೊಟ್ರಮ್ಮನವರು ಸೆರಗು ಬಿಗಿದುಕೊಂಡರು.

"ಪೂಜಾರ್ರೆ, ಕಟ್ಟಿದ್ದು ಇವ್ರು ಇರಬೌದು. ದಿನಾ ದೀಪ ಹಚ್ಚಿದಾಕಿ ನಾನು. ಶುಕ್ರವಾರ ಒಪ್ಪತ್ತು ಮಾಡಿದಾಕಿ ನಾನು. ಹರಕಿ ನಂದು, ತಾಯಿ ಅದನ್ನ ನಡಿಸಿಕೊಟ್ಟಾಳ. ರೊಕ್ಕ ತಾಯೀದು. ಹಾಕ್ರಿ ಹುಂಡಿಗೆ."

"ಹಾಕ್ತೀನವ್ವ" ಎಂದ ಪೂಜಾರಿ ಮೊದಲ ನೋಟನ್ನು ಹುಂಡಿಯ ಬಾಯಿಗೆ ಹಿಡಿದು, ಸುಮ್ಮನೆ ಮಾತಿಗೆ ಕೇಳಿದರು, "ಮಗಳು ಬಾಣಂತನಕ್ಕ ಎಲ್ಲಿಗೆ ಬರ್ತಾಳ?"

"ಮತ್ತೆಲ್ಲಿಗೆ? ತವರುಮನಿಗೆ, ನಮ್ಮ..."

ಕೊಟ್ರಮ್ಮನವರ ಮಾತು ಅಲ್ಲೇ ನಿಂತಿತು. ಬಾಣಂತಿಗೆ ಎರಡು ಹೊತ್ತು ಹಂಡೆ ತುಂಬ ಬಿಸಿನೀರು, ಕೂಸಿಗೆ ಬೇರೆ ನೀರು, ಬಟ್ಟೆ ತೊಳೆಯಲು ಎಷ್ಟಿದ್ದರೂ ಸಾಲದು. ಮನೆಯಲ್ಲಿ ಕುಡಿಯಲು ಒಂದು ಬಿಂದಿಗೆ ಇಲ್ಲ. ಅವರು ಥಟ್ಟನೆ ಪೂಜಾರಿಯ ಕೈ ಹಿಡಿದರು.

"ತಡೀರಿ! ತಾಯಿ ಜೊತಿ ನಾನು ಮಾತಾಡ್ತೀನಿ."

ಗರ್ಭಗುಡಿಯ ಮುಂದೆ ನಿಂತು ಅವರು ಅಕ್ಕಪಕ್ಕದ ಮನೆಯ ಹಿರಿಯಳೊಡನೆ ಮಾತಾಡುವ ಹಾಗೆ ಮಾತಾಡಿದರು. "ನೋಡವಾ, ನೀನೂ ಹೆಣ್ಣು. ನೀರಿಲ್ಲದ ಮನ್ಯಾಗ ಬಾಣಂತನ ಹೆಂಗ ಮಾಡ್ಲಿ? ಕೂಸು ಕೊಟ್ಟಾಕಿ ನೀನು, ನೀರೂ ನೀನ ಕೊಡಬೇಕು. ಈ ರೊಕ್ಕ ನಿಂದ. ಇದರಾಗ ಮೋಟರ್ ತರ್ತೀನಿ, ಅದೂ ನಿಂದ. ಈ ಮುಠ್ಠಾಳ ಮುದುಕಂದು ಅಲ್ಲ. ನಿನ್ನ ಮೋಟರಿನ ನೀರು ಕುಡಕೊಂಡು ನಾವು ಇರ್ತೀವಿ. ಆಗ್ತೈತಿಲ್ಲೋ ಹೇಳು."

ಅಮ್ಮನವರ ಬಲಗಡೆಯಿಂದ ಒಂದು ಸೇವಂತಿಗೆ ಹೂವು ಕೆಳಗೆ ಬಿತ್ತು. ಬೇಸಿಗೆಯ ಗಾಳಿ ಜೋರಾಗಿತ್ತು ಎಂಬುದು ನನ್ನ ಅಭಿಪ್ರಾಯ, ಅದನ್ನು ಅಲ್ಲಿ ಯಾರೂ ಕೇಳಲಿಲ್ಲ. ಪೂಜಾರಿ ನೂರಾಒಂದು ರೂಪಾಯಿ ಹುಂಡಿಗೆ ಹಾಕಿ, ಉಳಿದದ್ದನ್ನೆಲ್ಲ ಅಮ್ಮನವರ ಪಾದಕ್ಕೆ ಮುಟ್ಟಿಸಿ ಪ್ರಸಾದವೆಂದು ಕೊಟ್ರಮ್ಮನವರ ಮಡಿಲಿಗೆ ತುಂಬಿದರು. ಪಾಲಾಕ್ಷಪ್ಪನವರು ಉದ್ದಕ್ಕೆ ಅಡ್ಡಬಿದ್ದರು. ಕೆಳಗಿಳಿಯುವಾಗ ಹೆಂಡತಿ ಒಂದು ಮಾತೂ ಆಡಲಿಲ್ಲ. ಹರಪನಹಳ್ಳಿ ದಾಟಿದ ಮೇಲೆ ಆಡತೊಡಗಿದರು, ಕೊಟ್ಟೂರಿನವರೆಗೆ ನಿಲ್ಲಿಸಲಿಲ್ಲ.

ಶನಿವಾರ ಮೋಟರು ಬಂತು. ಕೊಟ್ರಮ್ಮನವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸಿ, ಕಾಯಿ ಒಡೆದು ಬೋರಿಗೆ ಇಳಿಸಿದರು. ತನ್ನ ನೂರಾಒಂದೂ ಅದರಲ್ಲಿದೆ ಎಂದು ಅಂಜಿನಕ್ಕ ಎಮ್ಮೆಗೆ ಎರಡು ಕೊಡ ನೀರಿನ ಹಕ್ಕು ಬರೆಸಿಕೊಂಡಳು. ಟ್ಯಾಂಕು ತುಂಬಿ ಹರಿಯಿತು. ಯಶೋಧರಾಳ ತಾಯಿ ಮನಸಾರೆ ಬಟ್ಟೆ ಒಗೆದರು. ನಾವೆಲ್ಲ ಎರಡೆರಡು ಸಲ ಸ್ನಾನ ಮಾಡಿದೆವು, ಎಮ್ಮೆಯೂ ಮಾಡಿತು. ರಾತ್ರಿಯಾಗುವುದರೊಳಗೆ ಟ್ಯಾಂಕು ಬರಿದಾಯಿತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಭೀಮೇಶ್ ಹಲ್ಲುಜ್ಜುತ್ತ ಮೋಟರಿನ ಸ್ವಿಚ್ಚಿಗೆ ಕೈ ಚಾಚಿದ.

"ಏಯ್!" ಎಂದು ಕೊಟ್ರಮ್ಮನವರು ಕೂಗಿದ್ದಕ್ಕೆ ಬ್ರಶ್ಶು ಅವನ ಬಾಯಿಂದ ಬಿತ್ತು. "ಅದು ತಾಯಿ ಮೋಟರ್. ಜಳಕ ಮಾಡದ ಯಾರೂ ಮುಟ್ಟಂಗಿಲ್ಲ!"

"ಹಂಗಾರ ಜಳಕ ಮಾಡಿ ಬರ್ತೀನ್ರಿ" ಎಂದು ಭೀಮೇಶ್ ಒಳಗೆ ಹೋದ. ನಲ್ಲಿ ತಿರುಗಿಸಿದ. ಒಂದು ನಿಮಿಷ ಬಿಟ್ಟು ಹೊರಗೆ ಬಂದ.

"ಅಮ್ಮಾರೆ, ಜಳಕಕ್ಕ ನೀರಿಲ್ಲ."

"ನೀರಿಲ್ಲಂದ್ರ ಮೋಟರ್ ಹಚ್ಚಬೇಕು."

"ಹಚ್ಚಾಕ ಜಳಕ ಆಗಬೇಕಲ್ರಿ?"

"ಆಗಬೇಕು."

ಇದರಲ್ಲೇನೋ ತೊಡಕಿದೆ ಎಂದು ಎಲ್ಲರಿಗೂ ಅನಿಸಿತು. ನಾನು ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಬಂದು ವಿಷಯವನ್ನು ತರ್ಕಬದ್ಧವಾಗಿ ವಿವರಿಸಲು ಹೋದೆ, ಕೊಟ್ರಮ್ಮನವರು ನನ್ನ ಸ್ನಾನದ ಬಗ್ಗೆ ವಿಚಾರಿಸಿದರು. ಪಾಲಾಕ್ಷಪ್ಪನವರಿಗೆ ಬಾಯಿ ತೆರೆಯುವ ಹಕ್ಕೇ ಇರಲಿಲ್ಲ. ಎಂಟಾಯಿತು. ನಾಲ್ಕು ಜನ ಖಾಲಿ ಬಕೆಟ್ಟು ಹಿಡಿದು ಸ್ವಿಚ್ಚಿನ ಸುತ್ತ ನಿಂತಿದ್ದೆವು. ಎಮ್ಮೆ ಬಂದು ಐದನೆಯದಾಗಿ ನಿಂತಿತು.

ಆಗ ಯಶೋಧರಾ ರಾತ್ರಿಪಾಳಿ ಮುಗಿಸಿ ಗೇಟು ತೆಗೆದು ಒಳಗೆ ಬಂದಳು. ತಲೆಗೂದಲು ಒದ್ದೆಯಿತ್ತು.

"ಏನಾತ್ರಿ ಎಲ್ಲಾರಿಗೂ?"

"ನಿಂದು ಜಳಕ ಆಗೈತೇನವ್ವ?" ಎಂದು ಕೊಟ್ರಮ್ಮನವರು ಕೇಳಿದರು. ಅವರ ದನಿಯಲ್ಲೂ ಆಸೆಯಿತ್ತು. ಎಷ್ಟಾದರೂ ಅವರ ಮನೆಯಲ್ಲೂ ನೀರಿರಲಿಲ್ಲ.

"ಡ್ಯೂಟಿ ಮುಗಿದ ಮ್ಯಾಲೆ ಅಲ್ಲೇ ಮಾಡಿ ಬರ್ತೀನಲ್ರೀ, ದಿನಾ."

ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟೆವು. ಯಶೋಧರಾ ಒಂದು ಬೆರಳಿನಿಂದ ಸ್ವಿಚ್ಚು ಒತ್ತಿದಳು. ನೆಲದೊಳಗೆ ಮೋಟರು ಗುರ್ರೆಂದಿತು, ಮೇಲೆ ಟ್ಯಾಂಕಿನಲ್ಲಿ ನೀರು ಬಿದ್ದ ಸದ್ದಾಯಿತು. ಕೊಟ್ರಮ್ಮನವರು ಕೈ ಮುಗಿದರು. ಮುಗಿದದ್ದು ಮೋಟರಿಗೋ ಯಶೋಧರಾಳಿಗೋ ನಾನು ಹೇಳಲಾರೆ, ಇಬ್ಬರೂ ಒಂದೇ ದಿಕ್ಕಿಗಿದ್ದರು.

ಅವತ್ತಿನಿಂದ ಇದೇ ಪದ್ಧತಿಯಾಗಿದೆ. ನೂರಾಎಂಟು ಹರಕೆಗಳ ಮೋಟರಿಗೆ, ಮನೆಯಲ್ಲಿ ಬುದ್ಧನ ಫೋಟೋ ಇಟ್ಟುಕೊಂಡವಳೇ ದಿನದ ಪೂಜಾರಿ. ಅವಳಿಗೆ ರಾತ್ರಿಪಾಳಿಯಿದ್ದ ವಾರ ನಮಗೆ ಸುಭಿಕ್ಷ. ಹಗಲುಪಾಳಿಯಿದ್ದ ವಾರ ನಾವೆಲ್ಲ ಸಂಜೆ ಸ್ನಾನ ಮಾಡಿ, ಹಾಗೇ ಮಲಗಿ, ಬೆಳಿಗ್ಗೆ ಅದನ್ನೇ ಸ್ನಾನವೆಂದು ವಾದಿಸುತ್ತೇವೆ. ಕೊಟ್ರಮ್ಮನವರು ಒಪ್ಪುವುದಿಲ್ಲ.

ಆ ಭಾನುವಾರ ಮಧ್ಯಾಹ್ನ ಯಶೋಧರಾಳ ಬಾಗಿಲಿಗೆ ಪಾಲಾಕ್ಷಪ್ಪನವರು ಹೋದರು. ಕೈಯಲ್ಲಿ ಹೊಸ ನಲ್ಲಿ, ಪಾನಾ ಹಿಡಿದ ಪ್ಲಂಬರು ಹಿಂದೆ. ಅವಳು ಆಸ್ಪತ್ರೆಯ ಹತ್ತಿರದ ಮನೆಗೆ ಹೋಗಲೆಂದು ತಂದಿಟ್ಟ ರಟ್ಟಿನ ಡಬ್ಬಿಗಳು ಇನ್ನೂ ಪಡಸಾಲೆಯಲ್ಲಿದ್ದವು.

"ಯಶೋಧರವ್ವ, ನಿನ್ನ ನಲ್ಲಿ ಇವತ್ತ ಹಾಕಿಸ್ತೀನಿ. ಬಾಡಿಗ್ಯಾಗ ಐನೂರು ಕಮ್ಮಿ ಕೊಡು. ನಿಮ್ಮವ್ವನ ಮೊಳಕಾಲಿಗೆ ಎಣ್ಣಿ ನಾನ ತಂದು ಕೊಡ್ತೀನಿ. ಒಂದು ಮಾತು ಮಾತ್ರ ನಡಿಸಿಕೊಡವ್ವ" ಎಂದು ಆ ಮನೆಯ ಮಾಲೀಕರು ತಮ್ಮ ಬಾಡಿಗೆದಾರಳಿಗೆ ಕೈ ಮುಗಿದರು. "ಮನಿ ಬಿಟ್ಟು ಹೋಗ್ತೀನಿ ಅಂತ ಮಾತ್ರ ಅನ್ನಬ್ಯಾಡ. ಮೋಟರ್ ಸುಟ್ರ ಇನ್ನೊಂದು ತರಬೌದು. ನೀ ಹೋದ್ರ ನಾವೆಲ್ಲಾ ಸಾಯೋತನಕ ಜಳಕ ಇಲ್ಲದ ಕುಂದರಬೇಕಾಗ್ತೈತಿ."